ಅಪ್‌ಡೇಟ್ ಆದ ಮೇಲೆ ಇಳಿದ ರೇಂಜ್: ಕಾಟಾ ಯಾರ ಕೈಯಲ್ಲಿರಬೇಕು?

ಜಮಖಂಡಿಯಿಂದ ಹುಬ್ಬಳ್ಳಿಗೆ ರಸ್ತೆಯಲ್ಲಿ ಸುಮಾರು 150 ಕಿ.ಮೀ. ಒಂದು ಚಾರ್ಜಿಗೆ 200 ಕಿ.ಮೀ. ಓಡುವ ವಿದ್ಯುತ್ ಕಾರಿದ್ದವರಿಗೆ ಇದು ಹೆಚ್ಚು ಯೋಚಿಸಬೇಕಾದ ಪ್ರಯಾಣವಲ್ಲ. ಅದೇ ಕಾರು 180ಕ್ಕೆ ಇಳಿದರೆ ಲೆಕ್ಕ ಹಾಕಿಕೊಂಡು ಹೊರಡಬೇಕಾಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡರೆ ದಾರಿಯಲ್ಲಿ ಎಲ್ಲಾದರೂ ನಿಂತು ಚಾರ್ಜ್ ಮಾಡುವ ಏರ್ಪಾಡು ಬೇಕಾಗುತ್ತದೆ. ಬ್ಯಾಟರಿ ಹಳತಾಗಿ ಆ 20 ಕಿ.ಮೀ. ಹೋದರೆ ಯಾರೂ ದೊಡ್ಡದಾಗಿ ದೂರುವುದಿಲ್ಲ. ಸವೆತ ಎಲ್ಲ ಯಂತ್ರಕ್ಕೂ ಇದ್ದದ್ದೇ. ಆದರೆ ರಾತ್ರಿ ಮೊಬೈಲ್ ನೆಟ್‌ವರ್ಕಿನಲ್ಲಿ ಬಂದಿಳಿದ ಒಂದು ಸಾಫ್ಟ್‌ವೇರ್ ಅಪ್‌ಡೇಟಿನಿಂದ ಅದು ಹೋದರೆ ಹೊಣೆ ಯಾರದು? ಹಾಗೆ ಇಳಿಸುವ ಹಕ್ಕು ಕಂಪನಿಗೆ ಇದೆಯೇ, ಇದ್ದರೆ ಎಷ್ಟರ ಮಟ್ಟಿಗೆ?

ಇದಕ್ಕೆ ಎರಡು ಉತ್ತರಗಳಿವೆ, ಎರಡನ್ನೂ ಪ್ರಾಮಾಣಿಕವಾಗಿ ನಂಬುವವರಿದ್ದಾರೆ. ಈವರೆಗೆ ದೊಡ್ಡ ಸುದ್ದಿಯಾದ ಪ್ರಕರಣಗಳು ಅಮೆರಿಕ, ಕೊರಿಯಾಗಳವು. ಆದರೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಂಥ ಊರುಗಳಲ್ಲಿ ನಿಂತು ನೋಡಿದರೆ ಈ ತಕರಾರಿನ ತೂಕವೇ ಬದಲಾಗುತ್ತದೆ. ಇಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬ್ಯಾಟರಿಯನ್ನು ಬಿಚ್ಚಿ ಪರೀಕ್ಷಿಸಬಲ್ಲ ವರ್ಕ್‌ಶಾಪು ಬೇಕೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಅಥವಾ ಹುಬ್ಬಳ್ಳಿಯ ಕಡೆ ಮುಖ ಮಾಡಬೇಕು. ಬೆಂಗಳೂರಿನಲ್ಲಿ 20 ಕಿ.ಮೀ. ಕಡಿಮೆಯಾದರೆ ಇನ್ನೊಂದು ಚಾರ್ಜರ್ ಹುಡುಕಿಕೊಳ್ಳಬಹುದು. ಇಲ್ಲಿ ಅದು ಹೋಗಬೇಕೋ ಬೇಡವೋ ಎಂಬ ನಿರ್ಧಾರವನ್ನೇ ತಿರುಗಿಸಬಹುದು.

ಮೊದಲು, ಕಡಿಮೆಯಾಗುವುದು ಏನು ಎಂಬುದನ್ನು ಬಿಡಿಸಿ ನೋಡಬೇಕು. ‘ರೇಂಜ್ ಹೋಯಿತು’ ಎಂಬ ಒಂದೇ ದೂರಿನೊಳಗೆ ಬೇರೆ ಬೇರೆ ಸಂಗತಿಗಳಿರುತ್ತವೆ. ನಿಕಲ್ ಬಳಸುವ ಲಿಥಿಯಂ ಸೆಲ್ಲನ್ನು ಸಾಮಾನ್ಯವಾಗಿ 4.2 ವೋಲ್ಟ್‌ವರೆಗೆ ತುಂಬುತ್ತಾರೆ. ಸಾಫ್ಟ್‌ವೇರ್ ಆ ಮಿತಿಯನ್ನು 4.1ಕ್ಕೆ ಇಳಿಸಿದರೆ ಪರದೆಯ ಮೇಲೆ 100 ಎಂದೇ ಇದ್ದರೂ ಒಳಗೆ ತುಂಬಿದ್ದು ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಇದು ನಿಜವಾದ ನಷ್ಟ. ಎರಡನೆಯದು ಬರೀ ಅಳತೆಯ ತಿದ್ದುಪಡಿ. ನಮ್ಮಲ್ಲಿ ಮಾರಾಟವಾಗುವ ಅನೇಕ ಕಾರುಗಳಲ್ಲಿ ಎಲ್‌ಎಫ್‌ಪಿ ಎಂಬ ಬಗೆಯ ಸೆಲ್ಲುಗಳಿವೆ. ಮುಕ್ಕಾಲು ತುಂಬಿರಲಿ, ಅರ್ಧ ಖಾಲಿಯಾಗಿರಲಿ, ಅವುಗಳ ವೋಲ್ಟೇಜು 3.2, 3.3ರ ಆಸುಪಾಸಿನಲ್ಲೇ ನಿಂತಿರುತ್ತದೆ. ಹೀಗಾಗಿ ಬ್ಯಾಟರಿ ನಿರ್ವಹಣಾ ವ್ಯವಸ್ಥೆ, ಅಂದರೆ ಬಿಎಂಎಸ್, ಒಳಬಂದ ಮತ್ತು ಹೊರಹೋದ ವಿದ್ಯುತ್ತನ್ನು ಕೂಡಿ ಕಳೆದು ಉಳಿಕೆಯನ್ನು ಅಂದಾಜು ಮಾಡುತ್ತದೆ. ದಿನ ಕಳೆದಂತೆ ಆ ಅಂದಾಜು ದಾರಿ ತಪ್ಪುತ್ತದೆ. ಅಪ್‌ಡೇಟ್ ಅದನ್ನು ಸರಿಪಡಿಸಿದಾಗ ಪರದೆಯ ಸಂಖ್ಯೆ ಧುತ್ತನೆ ಇಳಿಯಬಹುದು. ಬ್ಯಾಟರಿಯಿಂದ ಏನೂ ಹೋಗಿರುವುದಿಲ್ಲ, ಹಿಂದಿನ ಸುಳ್ಳು ಸಂಖ್ಯೆ ಹೋಗಿರುತ್ತದೆ. ಮೂರನೆಯದು ತಂಪುಗೊಳಿಸುವ ಖರ್ಚು. ಬ್ಯಾಟರಿಯ ಸುತ್ತ ಕೂಲಂಟ್ ಹರಿಸುವ ಪಂಪು, ಅದನ್ನು ತಣಿಸುವ ಕಂಪ್ರೆಸರು, ಫ್ಯಾನು ಎಲ್ಲವೂ ಓಡುವುದು ಅದೇ ಬ್ಯಾಟರಿಯ ವಿದ್ಯುತ್ತಿನಿಂದ, ಅಥವಾ ಚಾರ್ಜ್ ಆಗುವಾಗ ಮನೆಯ ಮೀಟರಿನಿಂದ. ಇಷ್ಟು ಡಿಗ್ರಿಗೆ ಶುರುವಾಗಬೇಕು ಎಂಬ ಮಿತಿಯನ್ನು ಅಪ್‌ಡೇಟ್ ಕೆಳಗಿಳಿಸಿದರೆ ಇವು ಹೆಚ್ಚು ಹೊತ್ತು ಓಡುತ್ತವೆ, ಓಡುವ ದೂರ ಅಷ್ಟು ತಗ್ಗುತ್ತದೆ.

ಮಾಲೀಕರಿಗೆ ಈ ಮೂರೂ ಒಂದೇ ಥರ ಕಾಣುತ್ತವೆ. ತಕರಾರು ಬೆಳೆಯುವುದೇ ಇದರಿಂದ.

ಹೆಚ್ಚು ದಾಖಲೆಯಿರುವ ಪ್ರಕರಣ ಟೆಸ್ಲಾದ್ದು. 2019ರ ವಸಂತದಲ್ಲಿ ಶಾಂಘೈ ಮತ್ತು ಹಾಂಗ್‌ಕಾಂಗ್‌ನಲ್ಲಿ ನಿಂತಿದ್ದ ಮಾಡೆಲ್ ಎಸ್ ಕಾರುಗಳಿಗೆ ಬೆಂಕಿ ಬಿತ್ತು. ಅದಾದ ಕೆಲವೇ ದಿನಗಳಲ್ಲಿ, ಮೇ ತಿಂಗಳಲ್ಲಿ, ಕಂಪನಿ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳ ಚಾರ್ಜಿಂಗ್ ಮತ್ತು ತಾಪ ನಿಯಂತ್ರಣವನ್ನು ಬದಲಿಸುವ ಅಪ್‌ಡೇಟ್ ಕಳಿಸಿತು. ಬ್ಯಾಟರಿಯನ್ನು ಕಾಪಾಡಲು, ಅದರ ಆಯುಷ್ಯ ಹೆಚ್ಚಿಸಲು ಎಂಬುದು ಕಂಪನಿ ಕೊಟ್ಟ ವಿವರಣೆ. ಕೆಲವು ಮಾಲೀಕರ ಕಾರುಗಳ ಗರಿಷ್ಠ ವೋಲ್ಟೇಜು ಇಳಿಯಿತು; ಸುಮಾರು ಮೂರು ತಿಂಗಳು ಶೇ. 10ರಷ್ಟು, ನಂತರದ ಏಳು ತಿಂಗಳು ಶೇ. 7ರಷ್ಟು. ಅದನ್ನು ಹಿಂದಿರುಗಿಸುವ ಅಪ್‌ಡೇಟ್ ಬಂದದ್ದು 2020ರ ಮಾರ್ಚ್‌ನಲ್ಲಿ. ಮೊಕದ್ದಮೆ ನಡೆದು, 2021ರಲ್ಲಿ 1,743 ಕಾರುಗಳ ಮಾಲೀಕರೊಂದಿಗೆ ಒಟ್ಟು 15 ಲಕ್ಷ ಡಾಲರಿನ ರಾಜಿಯಾಯಿತು. ಒಬ್ಬೊಬ್ಬರಿಗೆ ಬಂದದ್ದು 625 ಡಾಲರ್. ಇತ್ತ, ಬೆಂಕಿಯ ದೋಷವನ್ನು ಸಾಫ್ಟ್‌ವೇರಿನಿಂದ ಮುಚ್ಚಿಡಲಾಗಿದೆಯೇ ಎಂದು ತನಿಖೆ ಮಾಡಬೇಕೆಂಬ ಅರ್ಜಿಯನ್ನು ಅಮೆರಿಕದ ಹೆದ್ದಾರಿ ಸುರಕ್ಷಾ ಸಂಸ್ಥೆ ಅದೇ ವರ್ಷ ಅಕ್ಟೋಬರ್‌ನಲ್ಲಿ ತಿರಸ್ಕರಿಸಿತು. ಈ ಕಥೆಯಿಂದ ಎರಡೂ ಕಡೆಯವರು ತಮಗೆ ಬೇಕಾದ ಸಾಕ್ಷ್ಯವನ್ನು ಎತ್ತಿಕೊಳ್ಳುತ್ತಾರೆ, ಎತ್ತಿಕೊಳ್ಳಲು ಇಬ್ಬರಿಗೂ ಆಧಾರವಿದೆ.

ಕಂಪನಿಗಳ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಪ್ರಾಣದ್ದು. ಲಿಥಿಯಂ ಸೆಲ್ಲಿನೊಳಗೆ ತಾಪ ಒಂದು ಹಂತ ಮೀರಿದರೆ ರಾಸಾಯನಿಕ ಕ್ರಿಯೆ ತನ್ನಷ್ಟಕ್ಕೆ ತಾನೇ ಬೆಳೆಯುತ್ತದೆ. ಪಕ್ಕದ ಸೆಲ್ಲಿಗೆ ದಾಟುತ್ತದೆ. ನೀರು ಹಾಕಿದರೂ ಬೇಗ ಆರುವುದಿಲ್ಲ. ಪೂರ್ತಿ ತುಂಬಿದ ಸೆಲ್ಲಿನಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಅನುಮಾನ ಬಂದ ಕೂಡಲೇ ತುಂಬುವ ಮಿತಿಯನ್ನು ತಗ್ಗಿಸುವುದು, ತಂಪುಗೊಳಿಸುವಿಕೆಯನ್ನು ಹೆಚ್ಚಿಸುವುದು ಎಂಜಿನಿಯರರು ಮಾಡಬಹುದಾದ ಮೊದಲ ಕೆಲಸ. ಸಾವಿರಾರು ಕಾರುಗಳನ್ನು ವರ್ಕ್‌ಶಾಪಿಗೆ ಕರೆಸಿ ಬ್ಯಾಟರಿ ಬದಲಿಸಲು ತಿಂಗಳುಗಳು ಬೇಕು. ಅಪ್‌ಡೇಟಿಗೆ ಒಂದು ರಾತ್ರಿ ಸಾಕು. ಜನರಲ್ ಮೋಟಾರ್ಸ್ 2020ರ ನವೆಂಬರ್‌ನಲ್ಲಿ ಷೆವರ್ಲೆ ಬೋಲ್ಟ್ ಕಾರುಗಳ ಚಾರ್ಜನ್ನು ಶೇ. 90ಕ್ಕೆ ಕಟ್ಟಿಹಾಕಿತು. ಬೆಂಕಿಯ ಕಾರಣ ಪತ್ತೆಯಾದ ಮೇಲೆ 2021ರ ಆಗಸ್ಟ್‌ನಲ್ಲಿ ಅಷ್ಟೂ ಬೋಲ್ಟ್ ಕಾರುಗಳನ್ನು ವಾಪಸು ಕರೆಯಿತು. ನಡುವಿನ ಆ ತಿಂಗಳುಗಳಲ್ಲಿ ಚಾರ್ಜಿನ ಹತ್ತನೇ ಒಂದು ಪಾಲನ್ನು ಉಳಿಸಿಕೊಡುವ ಸಲುವಾಗಿ ಮಿತಿ ಹಾಕದೆ ಬಿಟ್ಟಿದ್ದರೆ, ಸುಟ್ಟುಹೋದ ಮನೆಯ ಮುಂದೆ ನಿಂತು ಅದನ್ನು ಯಾರೂ ಸಮರ್ಥಿಸಲಾರರು.

ರಬಕವಿ-ಬನಹಟ್ಟಿಯ ಓಣಿಗಳನ್ನು ಕಣ್ಣ ಮುಂದೆ ತಂದುಕೊಂಡರೆ ಈ ವಾದ ಇನ್ನೂ ಗಟ್ಟಿಯಾಗುತ್ತದೆ. ಅಲ್ಲಿ ಮಗ್ಗ ಮನೆಯ ಹೊರಗಿಲ್ಲ. ನೂಲಿನ ಗಂಟು, ಸೀರೆಯ ರಾಶಿ, ಮಲಗುವ ಕೋಣೆ ಒಂದೇ ಸೂರಿನಡಿ ಇರುವ ಮನೆಗಳು ಎಷ್ಟೋ. ಗೋಡೆಗೆ ಗೋಡೆ ಹಚ್ಚಿಕೊಂಡ ಇಂಥ ಕೇರಿಯಲ್ಲಿ ರಾತ್ರಿ ಚಾರ್ಜಿಗೆ ಹಚ್ಚಿದ ಗಾಡಿಗೆ ಬೆಂಕಿ ಬಿದ್ದರೆ ಸುಡುವುದು ಅದರ ಮಾಲೀಕನ ಮನೆಯೊಂದೇ ಅಲ್ಲ. ಅಂದಮೇಲೆ ‘ನನ್ನ ಕಾರು, ನನ್ನ ಇಷ್ಟ, ಅಪ್‌ಡೇಟ್ ಬೇಡ’ ಎನ್ನುವ ಹಕ್ಕನ್ನು ನೆರೆಮನೆಯವರ ಸುರಕ್ಷತೆಯ ಮೇಲೆ ಇಟ್ಟು ಅಳೆಯಲೇಬೇಕು.

ಮಾಲೀಕರ ಪರ ವಾದಿಸುವವರು ಬೆಂಕಿಯ ಅಪಾಯವನ್ನು ಅಲ್ಲಗಳೆಯುವುದಿಲ್ಲ. ಅವರ ಆಕ್ಷೇಪ ಬೇರೆ: ಸುರಕ್ಷತೆ ಕಾರಣವಾದರೆ ಅದನ್ನು ಬಾಯಿ ಬಿಟ್ಟು ಹೇಳಿ. ‘ಬ್ಯಾಟರಿಯ ಆಯುಷ್ಯ ಹೆಚ್ಚಿಸುವ ಸುಧಾರಣೆ’ ಎಂದು ಬರೆದು, ಒಳಗೆ ತುಂಬುವ ಪ್ರಮಾಣವನ್ನೇ ಕಡಿಮೆ ಮಾಡಿದರೆ ಕೊಂಡವನಿಗೆ ತನ್ನ ಕಾರಿನ ಬಗ್ಗೆ ನಿಜ ಗೊತ್ತಾಗುವ ದಾರಿಯೇ ಮುಚ್ಚಿತು. ಎರಡನೆಯದಾಗಿ, ಸಾಫ್ಟ್‌ವೇರಿನ ಮಿತಿಯೇ ಕೊನೆಯ ಪರಿಹಾರ ಎಂದು ಕಂಪನಿ ಕೈತೊಳೆದುಕೊಳ್ಳುವ ಆಸೆ ಇಲ್ಲಿ ದೊಡ್ಡದು. ಬ್ಯಾಟರಿ ಬದಲಿಸುವ ಖರ್ಚಿನ ಮುಂದೆ ಅಪ್‌ಡೇಟಿನ ಖರ್ಚು ಏನೂ ಅಲ್ಲ. ಇದಕ್ಕೆ ಅವರು ತೋರಿಸುವ ನಿದರ್ಶನ ಹ್ಯುಂಡೈ ಕೋನಾ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 77,000 ಕೋನಾ ಕಾರುಗಳನ್ನು ಕರೆಸಿ ಬಿಎಂಎಸ್ ಸಾಫ್ಟ್‌ವೇರ್ ಬದಲಿಸಲಾಯಿತು. ಭಾರತದಲ್ಲಿ ಆ ಡಿಸೆಂಬರ್‌ನಲ್ಲಿ ಪರಿಶೀಲನೆಗೆ ಕರೆಸಿದ ಕೋನಾ ಕಾರುಗಳು 456. ಆದರೆ 2021ರ ಜನವರಿಯಲ್ಲಿ ಕೊರಿಯಾದ ದೇಗು ನಗರದಲ್ಲಿ, ಅಪ್‌ಡೇಟ್ ಹಾಕಿಸಿಕೊಂಡಿದ್ದ ಕಾರಿಗೇ ಬೆಂಕಿ ಬಿತ್ತು. ಮರುತಿಂಗಳು ಕಂಪನಿ ಸುಮಾರು 82,000 ವಾಹನಗಳ ಬ್ಯಾಟರಿಗಳನ್ನೇ ಬದಲಿಸುವ ನಿರ್ಧಾರಕ್ಕೆ ಬಂತು. ಮಾಲೀಕ ತನ್ನ ರೇಂಜ್ ಬಿಟ್ಟುಕೊಟ್ಟು ಪಡೆದದ್ದು ನಿಜವಾದ ಸುರಕ್ಷತೆಯೋ, ಕಂಪನಿಗೆ ಸಿಕ್ಕ ಸಮಯಾವಕಾಶವೋ ಎಂದು ಕೇಳುವ ಹಕ್ಕು ಅವನಿಗಿದೆ. ನನಗೆ ಈ ಪ್ರಶ್ನೆ ನ್ಯಾಯವಾಗಿಯೇ ಕಾಣುತ್ತದೆ.

ಆದರೂ ದೇಗು ಘಟನೆಯಿಂದ ಅಪ್‌ಡೇಟ್ ನಿರರ್ಥಕ ಎಂಬ ತೀರ್ಮಾನಕ್ಕೆ ಹಾರುವುದು ಸರಿಯಲ್ಲ. ಆಗದೆ ತಪ್ಪಿದ ಬೆಂಕಿಯನ್ನು ಯಾರೂ ಎಣಿಸಲಾರರು. ಅಲ್ಲದೆ, ಅಪಾಯದ ಸುಳಿವು ಸಿಕ್ಕ ಮೊದಲ ದಿನಗಳಲ್ಲಿ ಕಾರಣ ಇಂಥದ್ದೇ ಎಂದು ಕಂಪನಿಗೂ ಖಚಿತವಿರುವುದಿಲ್ಲ. ಅರೆಬರೆ ತಿಳಿವಳಿಕೆಯನ್ನು ಸಾರಿದರೆ ಗಾಬರಿ ಹಬ್ಬೀತು ಎಂಬ ಅಂಜಿಕೆಯನ್ನು ಬರೀ ನೆಪ ಎಂದು ತಳ್ಳಿಹಾಕಲಾಗದು.

ಇನ್ನು ತಾಪದ ವಿಚಾರ. ನಮ್ಮ ಸೀಮೆಗೆ ಸಂಬಂಧಿಸಿದಂತೆ ನಾನು ಹೆಚ್ಚು ಹೊತ್ತು ನಿಲ್ಲಬೇಕಾದ್ದು ಇಲ್ಲಿಯೇ. ಲಿಥಿಯಂ ಬ್ಯಾಟರಿಗೆ ಹಿತವಾದ ತಾಪ ಸುಮಾರು 15ರಿಂದ 35 ಡಿಗ್ರಿ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಸವೆತದ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರರು ಬಳಸುವ ಸ್ಥೂಲ ಲೆಕ್ಕ. ಮುಧೋಳದ ಬಯಲಿನಲ್ಲಿ ಮೇ ತಿಂಗಳ ಮಧ್ಯಾಹ್ನ ನೆರಳಿಲ್ಲದೆ ನಿಂತ ಕಾರಿನ ಬ್ಯಾಟರಿ ಆ ಹಿತದ ಗಡಿಯನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ತಂಪುಗೊಳಿಸುವಿಕೆಯನ್ನು ಬೇಗ ಶುರುಮಾಡುವ ಅಪ್‌ಡೇಟ್ ಊಟಿಯ ಕಾರಿಗೆ ಬೇಕಿಲ್ಲದಿರಬಹುದು, ಬೀಳಗಿಯ ಕಾರಿಗೆ ಬೇಕು. ಇಂದು ಒಂದಿಷ್ಟು ಕಿಲೋಮೀಟರ್ ಕಳೆದುಕೊಂಡು ಐದಾರು ವರ್ಷದ ನಂತರ ಗಟ್ಟಿ ಬ್ಯಾಟರಿಯನ್ನು ಉಳಿಸಿಕೊಳ್ಳುವುದು ಒಟ್ಟು ಲೆಕ್ಕದಲ್ಲಿ ಲಾಭವೇ ಆದೀತು.

ಆದರೆ ಲಾಭ ಯಾರಿಗೆ? ಮೂರು ವರ್ಷಕ್ಕೆ ಕಾರು ಮಾರುವವನು ಇಂದಿನ ರೇಂಜನ್ನು ಕಳೆದುಕೊಳ್ಳುತ್ತಾನೆ, ಉಳಿದ ಆಯುಷ್ಯ ಮುಂದಿನ ಮಾಲೀಕನಿಗೆ ಹೋಗುತ್ತದೆ. ಎಂಟು ವರ್ಷ ಅಥವಾ 1,60,000 ಕಿ.ಮೀ. ಬ್ಯಾಟರಿ ವಾರಂಟಿ ಕೊಟ್ಟ ಕಂಪನಿಗೂ ಲಾಭವಿದೆ. ಬ್ಯಾಟರಿ ನಿಧಾನವಾಗಿ ಸವೆದಷ್ಟೂ ವಾರಂಟಿಯಲ್ಲಿ ಬದಲಿಸಿಕೊಡಬೇಕಾದವು ಕಡಿಮೆ. ಇಂದಿನ ಮಾಲೀಕನ ಕಿಲೋಮೀಟರುಗಳಿಂದ ಕಂಪನಿ ತನ್ನ ನಾಳಿನ ಖರ್ಚನ್ನು ಉಳಿಸಿಕೊಳ್ಳುತ್ತಿದೆ ಎಂಬ ಆರೋಪದಲ್ಲಿ ಹುರುಳಿದೆ. ಇನ್ನೊಂದು ತೊಡಕು ನಮ್ಮ ರಸ್ತೆಗಳದ್ದು. ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ–ಮುಧೋಳ ದಾರಿಯಲ್ಲಿ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ ಕಾರು ತೆವಳಬೇಕು. ನಿಧಾನವಾಗಿ ಓಡಿದರೆ ಮೋಟಾರಿಗೆ ಖರ್ಚು ಕಡಿಮೆ, ನಿಜ, ಆದರೆ ಎ.ಸಿ. ಮತ್ತು ಬ್ಯಾಟರಿ ಕೂಲಿಂಗಿನ ಖರ್ಚು ಬರುವುದು ದೂರಕ್ಕಲ್ಲ, ಹೊತ್ತಿಗೆ. ಗಂಟೆಗೆ 1–2 ಯುನಿಟ್ ಆ ಬಾಬತ್ತಿಗೇ ಹೋದರೆ, 30 ಯುನಿಟ್‌ನ ಬ್ಯಾಟರಿಯಲ್ಲಿ ಅದು ಸಣ್ಣದಲ್ಲ. ಕಂಪನಿಯ ಪರೀಕ್ಷಾ ಕೊಠಡಿಯಲ್ಲಿ ತೀರಾ ಅಲ್ಪವೆನಿಸಿದ ನಷ್ಟ ಇಲ್ಲಿ ಅಲ್ಪವಾಗಿ ಉಳಿಯುವುದಿಲ್ಲ.

ಈ ಹಂತದಲ್ಲಿ, ಕಬ್ಬಿನ ಸೀಮೆಯವರಾಗಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಸಮೀರವಾಡಿ, ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಗಳಿಂದ ಹೊರಡುವ ಎಥೆನಾಲ್ ದೇಶದ ಪೆಟ್ರೋಲಿನಲ್ಲಿ ಬೆರೆಯುತ್ತದೆ. ಅದರ ಪ್ರಮಾಣ ಈಗ ಶೇ. 20. ಲೀಟರಿಗೆ ಎಥೆನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ. 6–7ರಷ್ಟು ಮೈಲೇಜ್ ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಕಾರು ಕೊಂಡಾಗ ಈ ಮಾತಿರಲಿಲ್ಲ, ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯನ್ನಾದರೂ ಕೊಡಿ ಎಂದು ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಕಬ್ಬು ಬೆಳೆಗಾರನ ಹಿತ, ವಿದೇಶಿ ತೈಲದ ಬಿಲ್ಲು, ಹೊಗೆಯ ಪ್ರಮಾಣ ಇವೆಲ್ಲ ಸೇರಿದ ದೊಡ್ಡ ಲೆಕ್ಕದ ಮುಂದೆ ಒಬ್ಬೊಬ್ಬ ವಾಹನ ಮಾಲೀಕನ ಮೈಲೇಜ್ ಹಿಂದೆ ಸರಿಯಿತು. ಸಾರ್ವಜನಿಕ ಹಿತಕ್ಕಾಗಿ ಖಾಸಗಿ ವಾಹನದ ಓಟ ತುಸು ಕುಗ್ಗಬಹುದು ಎಂಬುದನ್ನು ನಮ್ಮ ಊರುಗಳು ಒಪ್ಪಿವೆ, ಅದರಿಂದ ಪ್ರಯೋಜನವನ್ನೂ ಪಡೆದಿವೆ. ಅದೇ ತತ್ವ ವಿದ್ಯುತ್ ಕಾರಿಗೆ ಬಂದಾಗ ಪೂರಾ ತಿರಸ್ಕರಿಸುವುದು ನ್ಯಾಯವಾಗದು.

ಆದರೆ ಎರಡಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಎಥೆನಾಲ್ ಬೆರಕೆ ಸರ್ಕಾರದ ನೀತಿ. ವರ್ಷಗಳ ಮುಂಚೆ ಘೋಷಣೆಯಾದದ್ದು, ಪ್ರಮಾಣವನ್ನು ಬಹಿರಂಗವಾಗಿ ಹೇಳಿದ್ದು, ಸಂಸತ್ತಿನಲ್ಲಿ, ನ್ಯಾಯಾಲಯದಲ್ಲಿ ಪ್ರಶ್ನಿಸಬಹುದಾದದ್ದು. ಕಾರಿನ ಅಪ್‌ಡೇಟ್ ಒಂದು ಕಂಪನಿಯ ನಿರ್ಧಾರ. ಅಳೆಯುವವನೂ ಕಡಿತ ಮಾಡುವವನೂ ಒಬ್ಬನೇ.

ಕಾರ್ಖಾನೆಗೆ ಕಬ್ಬು ಹಾಕಿದ ರೈತನಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಿಲ್ಲ. ಟ್ರ್ಯಾಕ್ಟರ್ ಹತ್ತುವುದು ಕಾರ್ಖಾನೆಯ ಕಾಟಾದ ಮೇಲೆ. ಟನ್ನು ಎಷ್ಟೆಂದು ಹೇಳುವುದು ಕಾರ್ಖಾನೆಯ ಚೀಟಿ. ಬಿಲ್ಲು ಕೊಡುವುದೂ ಕಾರ್ಖಾನೆಯೇ. ಹೊರಗೆ ಸರ್ಕಾರಿ ಕಾಟಾ ಬೇಕೆಂದು ರೈತ ಸಂಘಟನೆಗಳು ಬಹುಕಾಲದಿಂದ ಕೇಳುತ್ತಿರುವುದು ಪ್ರತಿ ಕಾರ್ಖಾನೆಯೂ ಮೋಸ ಮಾಡುತ್ತದೆ ಎಂದಲ್ಲ. ಮಾಡಿದೆಯೋ ಇಲ್ಲವೋ ತಿಳಿಯುವ ಇನ್ನೊಂದು ದಾರಿ ಇರಲಿ ಎಂದು. ಪೆಟ್ರೋಲ್ ಬಂಕಿನ ಯಂತ್ರಕ್ಕೆ ಕಾನೂನು ಮಾಪನ ಇಲಾಖೆಯ ಮುದ್ರೆ ಬೀಳುತ್ತದೆ. ಅನುಮಾನ ಬಂದರೆ ಐದು ಲೀಟರಿನ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಿ ಎಂದು ಗ್ರಾಹಕ ಕೇಳಬಹುದು. ಕಾರಿನ ಬ್ಯಾಟರಿಯಲ್ಲಿ ಎಷ್ಟು ಹಿಡಿಯುತ್ತದೆ ಎಂಬ ಸಂಖ್ಯೆಗೆ ಅಂಥ ಮುದ್ರೆಯಿಲ್ಲ.

ಕಂಪನಿಗಳ ಕಡೆಯಿಂದ ಇದಕ್ಕೂ ಸಮಂಜಸ ಉತ್ತರವಿದೆ. ಪೆಟ್ರೋಲ್ ಕಾರಿನ ಇಂಧನ ಮುಳ್ಳಿಗೂ ಯಾರ ಮುದ್ರೆಯೂ ಇರಲಿಲ್ಲ, ಅದರಿಂದ ಲೋಕ ಮುಳುಗಲಿಲ್ಲ. ವಿದ್ಯುತ್ ಕಾರಿನಲ್ಲೂ ಕೊಳ್ಳುವ ವಿದ್ಯುತ್ತನ್ನು ಹೆಸ್ಕಾಂ ಮೀಟರ್ ಅಳೆಯುತ್ತದೆ; ಮಾಲೀಕ ತಾನೇ ಪರೀಕ್ಷೆ ಮಾಡಿಕೊಳ್ಳಬಹುದು. ಅಪ್‌ಡೇಟಿಗೆ ಮುಂಚೆ ಶೇ. 10ರಿಂದ 100ಕ್ಕೆ ಎಷ್ಟು ಯುನಿಟ್ ಹೋಯಿತು, ನಂತರ ಎಷ್ಟು ಎಂದು ಬರೆದಿಟ್ಟುಕೊಂಡರೆ ಸ್ಥೂಲವಾದ ಹೋಲಿಕೆ ಸಿಗುತ್ತದೆ. ಇದು ಉಪಯುಕ್ತ ಸಲಹೆ, ಪ್ರತಿ ಮಾಲೀಕನೂ ಮಾಡುವುದು ಒಳ್ಳೆಯದು. ಆದರೆ ಚಾರ್ಜರಿನಲ್ಲಿ ಸೋರಿಹೋಗುವ ಪಾಲೂ ಮೀಟರಿನಲ್ಲಿ ಸೇರಿರುತ್ತದೆ. ಅಪ್‌ಡೇಟ್ ಕೂಲಿಂಗನ್ನು ಹೆಚ್ಚಿಸಿದ್ದರಂತೂ ಬ್ಯಾಟರಿಗೆ ಹೋದದ್ದು ಕಡಿಮೆಯಾಗಿ ಮೀಟರ್ ಓಡಿದ್ದು ಹೆಚ್ಚಾಗಬಹುದು. ಹೀಗೆ ಮನೆಯ ಲೆಕ್ಕ ಅನುಮಾನ ಹುಟ್ಟಿಸಲು ಸಾಕಾಗುತ್ತದೆ, ರುಜುವಾತಿಗೆ ಸಾಲದು.

ಸಾಫ್ಟ್‌ವೇರಿನ ಹಿಡಿತ ಯಾವಾಗಲೂ ಕಿತ್ತುಕೊಳ್ಳುವುದಕ್ಕೇ ಅಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು, ಅದರ ಉದಾಹರಣೆ ಕರ್ನಾಟಕದ್ದೇ. 2001ರಲ್ಲಿ ವಿದ್ಯುತ್ ಕಾರು ಮಾರಲು ಆರಂಭಿಸಿದ ಬೆಂಗಳೂರಿನ ರೇವಾ ಕಂಪನಿ, 2009ರಲ್ಲಿ ‘ರಿವೈವ್’ ಎಂಬ ಸೌಲಭ್ಯವನ್ನು ಪ್ರಕಟಿಸಿತು: ದಾರಿಯಲ್ಲಿ ಚಾರ್ಜ್ ಮುಗಿದವರು ಸಂದೇಶ ಕಳಿಸಿದರೆ ಬ್ಯಾಟರಿಯೊಳಗೆ ಕಾಯ್ದಿಟ್ಟ ಪಾಲನ್ನು ದೂರದಿಂದಲೇ ಬಿಡುಗಡೆ ಮಾಡುವ ವ್ಯವಸ್ಥೆ. ಮುಂದೆ ಮಹೀಂದ್ರಾ ಇ2ಒ ಕಾರಿನಲ್ಲಿ ಅದು ಬಳಕೆಗೂ ಬಂತು. 2017ರಲ್ಲಿ ಇರ್ಮಾ ಚಂಡಮಾರುತ ಬಂದಾಗ ಫ್ಲೋರಿಡಾದ ಕೆಲವು ಮಾಲೀಕರ ಕಾರುಗಳಿಗೆ ಟೆಸ್ಲಾ ತಾತ್ಕಾಲಿಕವಾಗಿ ಹೆಚ್ಚಿನ ರೇಂಜ್ ತೆರೆದುಕೊಟ್ಟದ್ದೂ ಇದೇ ಬಗೆಯದು. ಅಪ್‌ಡೇಟುಗಳನ್ನು ಒಟ್ಟಾರೆ ನಿಲ್ಲಿಸಿದರೆ ಇಂಥ ಅನುಕೂಲಗಳೂ ನಿಲ್ಲುತ್ತವೆ. ಹಾಗೆಯೇ, ಬ್ಯಾಟರಿಯಲ್ಲಿ ಕಾಯ್ದಿಟ್ಟ ಪಾಲು ಎಷ್ಟು, ಅದರ ಕೀಲಿ ಯಾರ ಬಳಿ ಎಂಬುದು ಕೊಂಡವನಿಗೆ ತಿಳಿದಿರಲೇಬೇಕೆಂಬ ವಾದಕ್ಕೂ ಇವೇ ಉದಾಹರಣೆಗಳು ಬಲ ಕೊಡುತ್ತವೆ.

ಕಾನೂನಿನ ಸ್ಥಿತಿ ಬೇಗ ಹೇಳಿ ಮುಗಿಸಬಹುದಾದಷ್ಟು ಚಿಕ್ಕದು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಬಂದ 110ಎ ಕಲಂ ವಾಹನಗಳನ್ನು ವಾಪಸು ಕರೆಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಆದರೆ ಪರಿಸರಕ್ಕೋ ಜನರಿಗೋ ಹಾನಿ ಮಾಡಬಲ್ಲ ದೋಷವಿದ್ದಾಗ ಮಾತ್ರ. ಬರೀ ರೇಂಜ್ ಇಳಿದದ್ದು ಆ ಚೌಕಟ್ಟಿಗೆ ಸುಲಭವಾಗಿ ಕೂರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಮಖಂಡಿಯ ಮಾಲೀಕ, ಕಂಪನಿ ಎಲ್ಲೇ ಇರಲಿ, ಬಾಗಲಕೋಟೆಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಶುಲ್ಕವನ್ನು ಮೊದಲು ಕಟ್ಟಬೇಕಾದವನು ದೂರುದಾರ. ಅಳತೆಗೋಲು ಒಂದೇ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ದೆಹಲಿಯಲ್ಲಿ ನೋಡಿದ್ದೇವೆ. ಟಾಟಾ ನೆಕ್ಸಾನ್ ಕಾರಿನ ಪ್ರಮಾಣಿತ ರೇಂಜ್ ಆಗ 312 ಕಿ.ಮೀ. ಇತ್ತು; ತಮಗೆ 200 ಕೂಡ ದಾಟುತ್ತಿಲ್ಲವೆಂದು ಗ್ರಾಹಕರೊಬ್ಬರು ದೂರಿದರು. 2021ರ ಮಾರ್ಚ್‌ನಲ್ಲಿ ದೆಹಲಿ ಸರ್ಕಾರ ಆ ಕಾರಿನ ಸಬ್ಸಿಡಿಯನ್ನು ತಡೆಹಿಡಿಯಿತು, ಕಂಪನಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದಿತು. ಪ್ರಯೋಗಾಲಯದ ಸಂಖ್ಯೆಯೂ ಸುಳ್ಳಲ್ಲ, ರಸ್ತೆಯ ಅನುಭವವೂ ಸುಳ್ಳಲ್ಲ; ಎರಡರ ನಡುವೆ ತೀರ್ಪು ಹೇಳುವ ಅಳತೆ ಇರಲಿಲ್ಲ.

ಹೊರದೇಶಗಳು ಈ ಕೊರತೆಯನ್ನು ಬೇರೆ ಬೇರೆ ಕಡೆಯಿಂದ ತುಂಬಲು ಹೊರಟಿವೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 156ನೆಯದು ಅಪ್‌ಡೇಟ್‌ಗಳಿಗಾಗಿಯೇ ಇರುವುದು. ಯಾವ ಅಪ್‌ಡೇಟ್ ಏನನ್ನು ಬದಲಿಸಿತು ಎಂಬ ದಾಖಲೆಯನ್ನು ತಯಾರಕ ಇಡಬೇಕು, ಮಾಲೀಕನಿಗೆ ತಿಳಿಸಬೇಕು. ಐರೋಪ್ಯ ಒಕ್ಕೂಟದ 2023ರ ಬ್ಯಾಟರಿ ನಿಯಮದ ಪ್ರಕಾರ ಬ್ಯಾಟರಿಯ ಆರೋಗ್ಯವನ್ನು ತೋರಿಸುವ ಮಾಹಿತಿ ಬಿಎಂಎಸ್‌ನಲ್ಲಿರಬೇಕು, ಕೊಂಡವರಿಗೂ ಅವರ ಪರವಾಗಿ ನೋಡುವವರಿಗೂ ಅದು ಓದಲು ಸಿಗಬೇಕು. 2024ರ ಆಗಸ್ಟ್‌ನಿಂದ ಇದು ಜಾರಿಯಲ್ಲಿದೆ. ಐದು ವರ್ಷ ಅಥವಾ ಒಂದು ಲಕ್ಷ ಕಿ.ಮೀ.ಗೆ ಶೇ. 80, ಎಂಟು ವರ್ಷ ಅಥವಾ 1,60,000 ಕಿ.ಮೀ.ಗೆ ಶೇ. 70ರಷ್ಟು ಸಾಮರ್ಥ್ಯ ಉಳಿದಿರಬೇಕೆಂಬ ಜಾಗತಿಕ ಮಾನದಂಡವೂ 2022ರಲ್ಲಿ ಒಪ್ಪಿಗೆ ಪಡೆಯಿತು. ಭಾರತ ಇತ್ತ ಬೆಂಕಿಯ ಕಡೆಗೆ ಹೆಚ್ಚು ಗಮನ ಕೊಟ್ಟಿದೆ. 2022ರ ಅವಘಡಗಳ ನಂತರ ಬಿಗಿಯಾದ ಎಐಎಸ್ 156 ಮತ್ತು ಎಐಎಸ್ 038 ಬ್ಯಾಟರಿ ಪರೀಕ್ಷೆಗಳೇ ಅದಕ್ಕೆ ಸಾಕ್ಷಿ. ಆ ಆದ್ಯತೆ ತಪ್ಪೆಂದು ನಾನು ಹೇಳಲಾರೆ. ಮೊದಲು ಬೆಂಕಿ, ಆಮೇಲೆ ಕಿಲೋಮೀಟರು.

ಹೀಗೆ ಎರಡೂ ಕಡೆಯನ್ನು ತೂಗಿದ ಮೇಲೆ, ಅಳುಕಿನಿಂದಲೇ, ನನ್ನ ಮನಸ್ಸು ವಾಲುವುದು ಒಂದು ನಡುದಾರಿಯ ಕಡೆಗೆ. ಸುರಕ್ಷತೆಯ ಅಪ್‌ಡೇಟನ್ನು ಬೇಡವೆನ್ನುವ ಹಕ್ಕು ಮಾಲೀಕನಿಗೆ ಇರಬಾರದು. ಮಗ್ಗದ ಓಣಿಯ ನೆರೆಯವರ ಹಿತ ಅದಕ್ಕಿಂತ ದೊಡ್ಡದು. ಹಳೆಯ ಆವೃತ್ತಿಗೆ ಹಿಂದಿರುಗುವ ಸೌಲಭ್ಯವನ್ನೂ ಬೇಕೆಂದವರಿಗೆಲ್ಲ ಕೊಡುವುದು ಉಚಿತವೆನಿಸುವುದಿಲ್ಲ, ಸರಿಪಡಿಸಿದ ಅಪಾಯ ಮತ್ತೆ ತೆರೆದುಕೊಳ್ಳಬಹುದು. ಆದರೆ ಕಡ್ಡಾಯ ಮಾಡುವ ಕಂಪನಿ ಅದನ್ನು ಸುರಕ್ಷತೆಯ ಅಪ್‌ಡೇಟ್ ಎಂದೇ ಕರೆಯಬೇಕು. ಕಾರಣವೇನು, ಹೆಚ್ಚೆಂದರೆ ಎಷ್ಟು ರೇಂಜ್ ಹೋದೀತು, ತಾತ್ಕಾಲಿಕವೋ ಶಾಶ್ವತವೋ ಎಂಬುದನ್ನು ಕನ್ನಡದಲ್ಲಿ, ಬರಹದಲ್ಲಿ, ಮುಂಚಿತವಾಗಿ ತಿಳಿಸಬೇಕು. ಸುರಕ್ಷತೆಗೆ ಸಂಬಂಧಿಸದ ಬದಲಾವಣೆಗೆ, ಅದು ಬ್ಯಾಟರಿಯ ಆಯುಷ್ಯಕ್ಕೆ ಒಳ್ಳೆಯದೇ ಆದರೂ, ಒಪ್ಪಿಗೆ ಕೇಳಬೇಕು. ಶಾಶ್ವತವಾಗಿ ಕಡಿತ ಮಾಡಿದರೆ ವಾರಂಟಿಯನ್ನು ಆ ಮಟ್ಟಿಗೆ ವಿಸ್ತರಿಸುವುದು ನಗದು ಪರಿಹಾರಕ್ಕಿಂತ ಇಬ್ಬರಿಗೂ ಹೊಂದೀತು. ಕಂಪನಿ ಉಳಿಸಿಕೊಂಡ ಆಯುಷ್ಯದಲ್ಲಿ ಒಂದು ಪಾಲು ಮಾಲೀಕನಿಗೆ ಬಂದಂತಾಗುತ್ತದೆ. ಶೇಕಡಾ ಎಷ್ಟು ಇಳಿದರೆ ಈ ಹೊಣೆ ಶುರುವಾಗಬೇಕು ಎಂಬುದರಲ್ಲಿ ಬಲ್ಲವರು ಬೇರೆ ಬೇರೆ ಮಾತು ಹೇಳಿಯಾರು. ಅಳತೆಯ ದೋಷವೇ ಒಂದೆರಡು ಶೇಕಡಾ ಇರುವಾಗ ತೀರಾ ಸಣ್ಣ ಮಿತಿ ಇಟ್ಟರೆ ವ್ಯಾಜ್ಯಗಳಷ್ಟೇ ಹೆಚ್ಚುತ್ತವೆ.

ಹೊರಗಿನ ಕಾಟಾ ಎಲ್ಲಿರಬೇಕು? ಪ್ರತಿ ತಾಲ್ಲೂಕಿನಲ್ಲೂ ಬೇಕೆನ್ನುವುದು ಇಂದಿನ ವಾಹನ ಸಂಖ್ಯೆಗೆ ದುಬಾರಿ. ಜಿಲ್ಲೆಗೆ ಒಂದು ಸಾಕಾದೀತು. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಗೆ ಉಪಕರಣ ಮತ್ತು ಮಾನ್ಯತೆ ಕೊಟ್ಟು, ಅದರ ವರದಿಯನ್ನು ಗ್ರಾಹಕ ಆಯೋಗ ಸ್ವೀಕರಿಸುವಂತೆ ಮಾಡುವುದು, ಜಮಖಂಡಿಯ ಆರ್‌ಟಿಒ ಕಚೇರಿಯಲ್ಲಿ ಹೊಸ ಕೇಂದ್ರ ಕಟ್ಟುವುದಕ್ಕಿಂತ ಬೇಗ ಆಗುವ ಕೆಲಸ. ಶುಲ್ಕವನ್ನು ಮೊದಲು ಮಾಲೀಕ ಕಟ್ಟಲಿ. ನಷ್ಟ ರುಜುವಾದರೆ ಕಂಪನಿ ಹಿಂದಿರುಗಿಸಲಿ. ಸುಳ್ಳು ದೂರುಗಳಿಗೂ ಇದರಿಂದ ತಡೆ ಬೀಳುತ್ತದೆ.

ಅಷ್ಟಾಗುವವರೆಗೆ ಕಾಯದೆ ಮಾಡಬಹುದಾದ್ದೂ ಒಂದಿದೆ. ಅಧಿಕೃತ ವರ್ಕ್‌ಶಾಪುಗಳ ಬಳಿ ಬಿಎಂಎಸ್ ಓದುವ ಸಾಧನ ಈಗಾಗಲೇ ಇದೆ. ಪ್ರತಿ ಸರ್ವಿಸಿನ ಜಾಬ್ ಕಾರ್ಡಿನಲ್ಲಿ ಬ್ಯಾಟರಿಯ ಉಳಿದ ಸಾಮರ್ಥ್ಯ, ಗರಿಷ್ಠ ಸೆಲ್ ವೋಲ್ಟೇಜು, ಕೂಲಿಂಗ್ ಶುರುವಾಗುವ ತಾಪ, ಸಾಫ್ಟ್‌ವೇರಿನ ಆವೃತ್ತಿ ಸಂಖ್ಯೆ ಈ ನಾಲ್ಕನ್ನು ಬರೆದುಕೊಡಬೇಕೆಂದು ಸಾರಿಗೆ ಇಲಾಖೆ ಸೂಚಿಸಿದರೆ ಹೊಸ ಯಂತ್ರವೂ ಬೇಡ, ಹೊಸ ಕಾಯ್ದೆಯೂ ಬೇಡವಾದೀತು. ಕಂಪನಿಯದೇ ಸಂಖ್ಯೆಯಾದರೂ ಎರಡು ಸರ್ವಿಸುಗಳ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟಾಗ, ಇಳಿದದ್ದು ಬ್ಯಾಟರಿಯೋ, ಅಳತೆಯೋ, ಕೂಲಿಂಗಿನ ಖರ್ಚೋ ಎಂಬುದರ ಅಂದಾಜು ಮಾಲೀಕನಿಗೂ ಸಿಗುತ್ತದೆ, ಬಾಗಲಕೋಟೆಯ ಆಯೋಗಕ್ಕೂ ಸಿಗುತ್ತದೆ.